ಐಫೋನು, ಆಂಡ್ರಾಯ್ಡು: ಒಂದು ತಾರತಮ್ಯ ವಿಚಾರ

ಎರಡು ವಸ್ತುಗಳನ್ನು ಎದುರಿಗಿಟ್ಟುಕೊಂಡು ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದು ಲೋಕದಲ್ಲಿ ಬಹು ಹಳೆಯ ವಾಡಿಕೆ. ದನದ ಜಾತ್ರೆಯಲ್ಲಿ ಎತ್ತಿನ ಜೋಡಿಯನ್ನು ನೋಡುವವನೂ ಇದನ್ನೇ ಕೇಳುತ್ತಾನೆ. ಜವಳಿಯಂಗಡಿಯಲ್ಲಿ ಸೀರೆಯ ಸೆರಗನ್ನು ಹಿಡಿದು ನೋಡುವ ಗೃಹಿಣಿಯೂ ಇದನ್ನೇ ಕೇಳುತ್ತಾಳೆ. ಆದರೆ ಇದು ಪೂರ್ತಿಯಾದ ಪ್ರಶ್ನೆಯಲ್ಲ. ಯಾರಿಗೆ ಮೇಲು, ಯಾವ ಕೆಲಸಕ್ಕೆ ಮೇಲು ಎಂಬ ಎರಡು ಮಾತುಗಳು ಅದರೊಡನೆ ಸೇರಿದ ಹೊರತು ಅದಕ್ಕೆ ಉತ್ತರವೆಂಬುದಿಲ್ಲ. ನಮ್ಮ ಹಿಂದಿನ ವಿದ್ವಾಂಸರು ಒಂದು ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಅದನ್ನು ಓದತಕ್ಕ ಅಧಿಕಾರಿ ಯಾರು, ಅದರ ವಿಷಯವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಿದುದರ ಪ್ರಯೋಜನವೇನು ಎಂಬ ನಾಲ್ಕನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಈ ನಾಲ್ಕರಲ್ಲಿ ಅಧಿಕಾರಿ, ಪ್ರಯೋಜನ ಎಂಬ ಎರಡನ್ನಾದರೂ ಮೊಬೈಲು ಫೋನನ್ನು ಕೊಳ್ಳುವವರು ಮನಸ್ಸಿನಲ್ಲಿಟ್ಟುಕೊಂಡರೆ ಅನೇಕ ಸಂಸಾರಗಳಲ್ಲಿ ಹಣವೂ ಉಳಿದೀತು, ಮನಸ್ತಾಪವೂ ತಪ್ಪೀತು.

ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಡುತ್ತಿದ್ದ ಮುದುಕ ಉಪಾಧ್ಯಾಯನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕಡೆಗೆ ಕೋಲಾರ, ಹೀಗೆ ವರ್ಗವಾದ ಕಡೆಯಲ್ಲೆಲ್ಲ ಪಾಠ ಹೇಳಿ ನಿವೃತ್ತನಾದವನು ನಾನು. ಈ ನಾಲ್ಕು ಊರುಗಳಲ್ಲಿಯೂ ನನಗೆ ಶಿಷ್ಯರೂ ಬಂಧುಗಳೂ ಉಂಟು. ಮೇಷ್ಟರು ನಿಧಾನವಾಗಿ ನೋಡಿ ಹೇಳುತ್ತಾರೆಂಬ ಒಂದು ನಂಬಿಕೆ ಅವರಲ್ಲಿ ಹೇಗೋ ಬೆಳೆದುಬಿಟ್ಟಿದೆ. ಅದೂ ಅಲ್ಲದೆ, ಬೆಂಗಳೂರಿನಲ್ಲಿರುವ ನನ್ನ ಮಗನು ಹೊಸ ಫೋನನ್ನು ಕೊಂಡು ತನ್ನ ಹಳೆಯ ಐಫೋನನ್ನು ನನಗೆ ಕೊಟ್ಟನು. ನನ್ನದೇ ಆದ ನಡುವಣ ಬೆಲೆಯ ಆಂಡ್ರಾಯ್ಡು ಫೋನು ಮೊದಲೇ ಇದ್ದಿತು. ಹೀಗೆ ಎರಡೂ ನನ್ನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತುವು. ಸುಮಾರು ಆರು ತಿಂಗಳು ಎರಡನ್ನೂ ಬಳಸಿದ ಮೇಲೆ ನನಗೆ ತೋರಿದುದನ್ನು ಗೃಹಸ್ಥರ ಮುಂದಿಡುತ್ತೇನೆ.

ಮೊದಲು ಇವುಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕು. ಬೆರಳಿನಿಂದ ಮುಟ್ಟಿ ನಡೆಸುವ ಫೋನು ಐಫೋನಿನಿಂದಲೇ ಆರಂಭವಾಯಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಐಬಿಎಂ ಸಂಸ್ಥೆಯವರ ಸೈಮನ್ ಎಂಬ ಸ್ಪರ್ಶಫಲಕದ ಫೋನು 1994ರಲ್ಲಿಯೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದಿತು. ಆದರೆ ಕಡ್ಡಿಯ ಸಹಾಯವಿಲ್ಲದೆ, ಬರಿಯ ಬೆರಳುಗಳಿಂದಲೇ ಎಲ್ಲವನ್ನೂ ಸಲೀಸಾಗಿ ಮಾಡಬಹುದೆಂದು ಲೋಕಕ್ಕೆ ತೋರಿಸಿದ ಕೀರ್ತಿ ಆಪಲ್ ಸಂಸ್ಥೆಯದು. ಸ್ಟೀವ್ ಜಾಬ್ಸ್ ಅವರು 2007ನೆಯ ಜನವರಿಯಲ್ಲಿ ಐಫೋನನ್ನು ಪ್ರಕಟಪಡಿಸಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಅದು ಅಂಗಡಿಗೆ ಬಂದಿತು. ಮರುವರ್ಷ, ಎಂದರೆ 2008ರಲ್ಲಿ, ಗೂಗಲ್ ಸಂಸ್ಥೆಯವರ ಆಂಡ್ರಾಯ್ಡು ವ್ಯವಸ್ಥೆಯುಳ್ಳ ಮೊದಲನೆಯ ಫೋನು ಹೊರಟಿತು. ಅದೇ ವರ್ಷದ ಆಗಸ್ಟಿನಲ್ಲಿ ಐಫೋನು ನಮ್ಮ ದೇಶಕ್ಕೆ ಕಾಲಿಟ್ಟಾಗ ಅದರ ಕನಿಷ್ಠ ಬೆಲೆ 31,000 ರೂಪಾಯಿ. ಆ ಹಣಕ್ಕೆ ಆಗ ನಮ್ಮ ಕಡೆ ಒಂದು ಜೊತೆ ಒಳ್ಳೆಯ ಹಸುಗಳು ಬರುತ್ತಿದ್ದುವು.

ಇಬ್ಬರ ನಡುವಣ ಮುಖ್ಯ ಭೇದವಿಷ್ಟು. ಆಪಲ್ ಸಂಸ್ಥೆಯವರು ಯಂತ್ರದ ದೇಹವನ್ನೂ ಅದರೊಳಗಿನ ವ್ಯವಸ್ಥೆಯನ್ನೂ ತಾವೇ ರೂಪಿಸುತ್ತಾರೆ. ಎರಡನ್ನೂ ಬೇರೆಯವರಿಗೆ ಕೊಡುವುದಿಲ್ಲ. ಗೂಗಲ್ ಸಂಸ್ಥೆಯವರಾದರೋ ತಮ್ಮ ವ್ಯವಸ್ಥೆಯನ್ನು ಬೇರೆ ತಯಾರಕರಿಗೂ ಒದಗಿಸಿದರು. ಆದುದರಿಂದ ಸ್ಯಾಮ್‌ಸಂಗ್ ಮೊದಲಾದ ಹತ್ತಾರು ಸಂಸ್ಥೆಗಳು ಎಂಟು ಹತ್ತು ಸಾವಿರದಿಂದ ಹಿಡಿದು ಲಕ್ಷದ ಮೇಲಿನವರೆಗೆ ಎಲ್ಲ ಬೆಲೆಯ ಆಂಡ್ರಾಯ್ಡು ಫೋನುಗಳನ್ನು ಮಾಡುತ್ತಾರೆ. ಒಂದು, ಒಬ್ಬನೇ ಬಾಣಸಿಗನು ತನ್ನ ಮನೆಯ ಪಾತ್ರೆಯಲ್ಲಿ ಮಾಡಿ ಬಡಿಸುವ ಊಟ. ಇನ್ನೊಂದು, ಒಂದೇ ಪಾಕವಿಧಾನವನ್ನು ಹತ್ತು ಮನೆಯವರು ತಮ್ಮ ತಮ್ಮ ಶಕ್ತಿಯಂತೆ ಮಾಡಿದ ಅಡುಗೆ. ಈ ಕಾರಣದಿಂದ ‘ಆಂಡ್ರಾಯ್ಡು ಚೆನ್ನಾಗಿಲ್ಲ’ ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವ ಮನೆಯ ಅಡುಗೆ ಎಂದು ಕೇಳಬೇಕು. ಇವರಿಬ್ಬರ ಸ್ಪರ್ಧೆ ಎಷ್ಟು ತೀವ್ರವಾಗಿತ್ತೆಂದರೆ ಆಪಲ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳು ಅನುಕರಣದ ವಿಷಯವಾಗಿ 2011ರಿಂದ 2018ರವರೆಗೆ ಅಮೆರಿಕದ ನ್ಯಾಯಸ್ಥಾನಗಳಲ್ಲಿ ವ್ಯಾಜ್ಯವಾಡಿದುವು. ವ್ಯಾಜ್ಯ ಮುಗಿಯುವ ವೇಳೆಗೆ ಒಬ್ಬರಿಂದ ಒಬ್ಬರು ಕಲಿತು ಎರಡು ಯಂತ್ರಗಳೂ ಅಣ್ಣತಮ್ಮಂದಿರಂತೆ ಕಾಣತೊಡಗಿದ್ದುವು.

ಈಗ ಸ್ಪರ್ಶದ ವಿಚಾರ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕ ಪದರವೊಂದಿರುತ್ತದೆ. ನಮ್ಮ ಶರೀರವೂ ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದುದರಿಂದ ಬೆರಳು ತಾಗಿದೆಡೆಯಲ್ಲಿ ಅಲ್ಲಿನ ವಿದ್ಯುತ್‌ಸ್ಥಿತಿ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಯಂತ್ರವು ಬೆರಳಿನ ಸ್ಥಾನವನ್ನು ತಿಳಿಯುತ್ತದೆ. ಉಗುರಿನಿಂದ ಕುಟ್ಟಿದರೆ ಅದು ಓಗೊಡದೆ ಇರುವುದಕ್ಕೆ ಇದೇ ಕಾರಣ. ಟೊಮ್ಯಾಟೊ ತೊಳೆದ ಒದ್ದೆ ಕೈಯಿಂದ ಮುಟ್ಟಿದರೆ ಅದು ಎಲ್ಲಿಯೋ ಒತ್ತಿದಂತೆ ಭ್ರಮಿಸುತ್ತದೆ. ಗುದ್ದಲಿ ಹಿಡಿದು ಗಂಟುಕಟ್ಟಿದ ಒಣ ಬೆರಳನ್ನು ಅದು ಒಮ್ಮೊಮ್ಮೆ ಗುರುತಿಸುವುದೇ ಇಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಈ ಫೋನಿಗೆ ನಮ್ಮಂಥವರ ಬೆರಳು ಕಂಡರೆ ತಾತ್ಸಾರ” ಎಂದು ನಕ್ಕನು. ಎರಡು ಫೋನುಗಳನ್ನೂ ಅವನ ಕೈಗೆ ಕೊಟ್ಟು ನೋಡಿದೆನು. ತಾತ್ಸಾರದಲ್ಲಿ ಎರಡೂ ಸಮವೇ. ನುಣುಪಾಗಿ ಜಾರುವುದರಲ್ಲಿ ಮಾತ್ರ ಐಫೋನಿಗೆ ಒಂದು ಗುಣ ಹೆಚ್ಚು. ಎಂಟು ಸಾವಿರದ ಆಂಡ್ರಾಯ್ಡು ತಡವರಿಸುತ್ತದೆ, ಇಪ್ಪತ್ತು ಸಾವಿರದ್ದು ಅಷ್ಟಾಗಿ ತಡವರಿಸುವುದಿಲ್ಲ.

ನನ್ನಂಥವನಿಗೆ ಇದಕ್ಕಿಂತ ದೊಡ್ಡದು ಅಕ್ಷರದ ಪರೀಕ್ಷೆ. ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ಸರಿಯಾಗಿ ತೋರಿಸಲಾರದ ಯಂತ್ರವು ಎಷ್ಟು ಹೊಳೆದರೂ ಕನ್ನಡದ ಮನೆಗೆ ಬಂದ ಅತಿಥಿಯೇ ಹೊರತು ಮನೆಯವನಾಗಲಾರದು. ಆಂಡ್ರಾಯ್ಡು ವ್ಯವಸ್ಥೆಯು 2014ರ ವೇಳೆಗೇ ತನ್ನ ಆಜ್ಞೆಗಳನ್ನೂ ಸೂಚನೆಗಳನ್ನೂ ಕನ್ನಡದಲ್ಲಿ ತೋರಿಸತೊಡಗಿತು. ಐಫೋನಿಗೆ ಕನ್ನಡದ ಕೀಲಿಮಣೆ ಬಂದುದೇ 2017ರಲ್ಲಿ. ಅದೇ 2017ರಲ್ಲಿ ಗೂಗಲ್ ಸಂಸ್ಥೆಯವರು ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವ ಶಕ್ತಿಯನ್ನು ತಮ್ಮ ಕೀಲಿಮಣೆಗೆ ಕೊಟ್ಟರು. ಬೆರಳಿನಿಂದ ಬರೆಯಲಾರದ ಹಿರಿಯರಿಗೆ ಇದು ಮಹೋಪಕಾರ. ನಾನು ಪರೀಕ್ಷಾರ್ಥವಾಗಿ ಒಂದು ದೊಡ್ಡ ಸಂಸ್ಕೃತ ಸಮಾಸವನ್ನು ಹೇಳಿದೆನು. ಅದು ಬರೆದುಕೊಂಡುದನ್ನು ಓದಿ ಮನೆಯಾಕೆ ಬಹಳ ಹೊತ್ತು ನಕ್ಕಳು. ಆದರೆ “ನಾಳೆ ಹಾಲಿನವನಿಗೆ ಎರಡು ಲೀಟರು ಹೇಳು” ಎಂಬುದನ್ನು ಒಂದು ಅಕ್ಷರವೂ ತಪ್ಪದೆ ಬರೆಯಿತು. ಸಂಸಾರಕ್ಕೆ ಬೇಕಾದುದು ಎರಡನೆಯದೇ ಅಲ್ಲವೆ? ಆಪಲ್ ಸಂಸ್ಥೆಯವರು ಹಿಂದೆ ಬಿದ್ದರೂ ಸುಮ್ಮನೆ ಕುಳಿತಿಲ್ಲ. 2024ರಲ್ಲಿ ಬಂದ ಅವರ ವ್ಯವಸ್ಥೆಯಲ್ಲಿ ಗಡಿಯಾರದ ಅಂಕಿಗಳನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಬಹುದು. ಮಕ್ಕಳು ಕನ್ನಡದ ಅಂಕಿಗಳನ್ನೇ ಮರೆಯುತ್ತಿರುವ ಈ ಕಾಲದಲ್ಲಿ ಅವುಗಳನ್ನು ಗಾಜಿನ ಮೇಲೆ ನೋಡಿ ನನಗೆ ಸಂತೋಷವಾಯಿತು. ಒಟ್ಟಿನಲ್ಲಿ ಈ ಪರೀಕ್ಷೆಯಲ್ಲಿ ಆಂಡ್ರಾಯ್ಡಿಗೆ ಪ್ರಥಮ ಸ್ಥಾನ.

ಮೂರನೆಯದು ಆಯುಸ್ಸು. ಫೋನು ಕೆಡುವುದಕ್ಕಿಂತ ಮೊದಲೇ ಅದರ ಒಳಗಿನ ವ್ಯವಸ್ಥೆ ಹಳೆಯದಾಗುತ್ತದೆ. ತಯಾರಕರು ಕಾಲಕಾಲಕ್ಕೆ ಕಳುಹಿಸುವ ತಿದ್ದುಪಡಿಗಳು, ಎಂದರೆ ಜನರು ಅಪ್‌ಡೇಟು ಎನ್ನುವುವು, ನಿಂತುಹೋದರೆ ಕಳ್ಳರು ನುಗ್ಗುವ ಕಂಡಿಗಳು ಮುಚ್ಚದೆ ಉಳಿಯುವುವು. ಬ್ಯಾಂಕಿನ ಆ್ಯಪುಗಳೂ ಕ್ರಮೇಣ ನಡೆಯುವುದಿಲ್ಲ. 2018ರಲ್ಲಿ ಬಂದ ಐಫೋನುಗಳಿಗೆ 2024ರ ಹೊಸ ವ್ಯವಸ್ಥೆಯೂ ದೊರೆಯಿತು. ಆರು ವರ್ಷದ ಸೇವೆಯೆಂದರೆ ಸಾಮಾನ್ಯವಲ್ಲ. ಆಂಡ್ರಾಯ್ಡಿನವರು ಈ ವಿಷಯದಲ್ಲಿ ಬಹುಕಾಲ ಅಲಕ್ಷ್ಯದಿಂದಿದ್ದರು. ಈಚೆಗೆ, 2023ರಲ್ಲಿ ಗೂಗಲ್ ಸಂಸ್ಥೆಯೂ 2024ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯೂ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷದ ಭರವಸೆಯನ್ನು ಕೊಟ್ಟಿವೆ. ಅಗ್ಗದ ಮಾದರಿಗಳಲ್ಲಿ ಈ ಭರವಸೆ ಎರಡು ವರ್ಷಕ್ಕೂ ಇಳಿಯುವುದುಂಟು. ಆದುದರಿಂದ ಆಂಡ್ರಾಯ್ಡು ಕೊಳ್ಳುವವರು ಅಂಗಡಿಯವನನ್ನು ಕ್ಯಾಮೆರಾದ ಮೆಗಾಪಿಕ್ಸೆಲ್ಲುಗಳ ಲೆಕ್ಕವನ್ನು ಕೇಳುವುದಕ್ಕಿಂತ, “ಅಪ್‌ಡೇಟು ಎಷ್ಟು ವರ್ಷ?” ಎಂದು ಕೇಳುವುದು ಮೇಲು.

ಬೆಲೆಯನ್ನೂ ಈ ಆಯುಸ್ಸಿನೊಡನೆ ಸೇರಿಸಿಯೇ ತೂಗಬೇಕು. 2025ನೆಯ ಫೆಬ್ರವರಿಯಲ್ಲಿ ಬಂದ ಐಫೋನ್ 16ಇ ಎಂಬ, ಆ ಸಾಲಿನಲ್ಲಿಯೇ ಅಗ್ಗವಾದ ಮಾದರಿಯ ಆರಂಭದ ಬೆಲೆ 59,900 ರೂಪಾಯಿ. ಆರು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು ಹತ್ತು ಸಾವಿರವಾಯಿತು. 15,000 ರೂಪಾಯಿಯ ಆಂಡ್ರಾಯ್ಡು ಮೂರೇ ವರ್ಷ ಬಾಳಿದರೂ ವರ್ಷಕ್ಕೆ ಐದು ಸಾವಿರ. ಐಫೋನನ್ನು ಮರುಮಾರಾಟ ಮಾಡಿದರೆ ಹೆಚ್ಚು ಹಣ ಬರುವುದು ನಿಜ. ಅದನ್ನು ಕಳೆದರೂ ಅದು ದುಬಾರಿಯಾಗಿಯೇ ಉಳಿಯುತ್ತದೆ. ‘ದುಬಾರಿಯಾದರೂ ಬಾಳಿಕೆಯಿಂದ ಅಗ್ಗವೇ’ ಎಂದು ವಾದಿಸುವ ತರುಣರು ಕಾಗದ ಪೆನ್ಸಿಲು ಹಿಡಿದು ಒಮ್ಮೆ ಲೆಕ್ಕ ಮಾಡಬೇಕು. ಬಿದ್ದು ಗಾಜೊಡೆದರಂತೂ ವ್ಯತ್ಯಾಸ ಇನ್ನೂ ಹೆಚ್ಚು. ನನ್ನ ಆಂಡ್ರಾಯ್ಡಿನ ಗಾಜನ್ನು ಕೋಲಾರದ ಪೇಟೆಯಲ್ಲಿ ಒಂದು ಮಧ್ಯಾಹ್ನದಲ್ಲಿ ಹಾಕಿಸಿಕೊಂಡು ಬಂದೆನು. ಮಗನು ತನ್ನ ಐಫೋನಿನ ಗಾಜಿಗಾಗಿ ಕೊಟ್ಟ ಹಣದಲ್ಲಿ ಒಂದು ಸಾಧಾರಣ ಆಂಡ್ರಾಯ್ಡು ಫೋನೇ ಬರುತ್ತಿದ್ದಿತು. ಮೊದಲು ಮನೆಯಲ್ಲಿ ಎರಡು ಬಗೆಯ ಚಾರ್ಜರಿನ ಗೊಂದಲವೂ ಇದ್ದಿತು. 2023ರಿಂದ ಈಚಿನ ಐಫೋನುಗಳಿಗೆ ಆಂಡ್ರಾಯ್ಡಿನ ತಂತಿಯೇ ಹೊಂದುತ್ತದೆ.

ನಾಲ್ಕನೆಯದು ಕ್ಷೇಮ. ಈ ವಿಷಯದಲ್ಲಿ ಐಫೋನಿನ ಪಕ್ಷವನ್ನು ವಹಿಸಲೇಬೇಕು. ಈಚೆಗೆ ವಾಟ್ಸಾಪಿನಲ್ಲಿ ಮದುವೆಯ ಆಹ್ವಾನಪತ್ರಿಕೆಯಂತೆ ಒಂದು ಕಡತ ಬರುತ್ತದೆ. ಯಾರದೋ ಬಂಧುಗಳ ಮದುವೆಯಿರಬೇಕೆಂದು ಒತ್ತಿ, ಕೇಳಿದುದಕ್ಕೆಲ್ಲ ಒಪ್ಪಿಗೆ ಕೊಟ್ಟರೆ, ಅದು ಪತ್ರಿಕೆಯಾಗಿರದೆ ಎಪಿಕೆ ಎಂಬ ಆ್ಯಪಿನ ಕಡತವಾಗಿದ್ದು ಫೋನಿನಲ್ಲಿ ಮನೆಮಾಡಿಕೊಳ್ಳುತ್ತದೆ. ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶಗಳು ಕಳ್ಳರಿಗೆ ಹೋಗುತ್ತವೆ. ಆಂಡ್ರಾಯ್ಡಿನಲ್ಲಿ ಹೊರಗಿನ ಆ್ಯಪುಗಳನ್ನು ಸೇರಿಸುವ ದಾರಿ ತೆರೆದಿರುವುದೇ ಇದಕ್ಕೆ ಎಡೆ. ಅದು ಎಚ್ಚರಿಕೆಯ ಮಾತನ್ನು ಹೇಳುತ್ತದೆ, ನಿಜ. ಆದರೆ ಆ ಮಾತನ್ನು ಓದುವ ವ್ಯವಧಾನ ಯಾರಿಗಿದೆ? ಐಫೋನು ನಮ್ಮ ದೇಶದಲ್ಲಿ ತನ್ನ ಅಂಗಡಿಯಿಂದ ಹೊರಗಿನ ಆ್ಯಪನ್ನು ಒಳಕ್ಕೆ ಬಿಡುವುದಿಲ್ಲ. ಆದರೂ ಒಂದು ಮಾತು. ಪೋಲೀಸಿನವರ ವೇಷ ಹಾಕಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆಂದು ಹೆದರಿಸಿ ಹಣ ಕೀಳುವವರಿಂದ ಯಾವ ಫೋನೂ ನಮ್ಮನ್ನು ಕಾಪಾಡದು. ಅಂಥ ಬಂಧನವೊಂದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಹಣ ಹೋಯಿತೆಂದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಬೇಕು.

ಗುಣದೋಷಗಳು ಇಷ್ಟು. ಇನ್ನು ಅಧಿಕಾರಿಯ ವಿಚಾರ. ಈ ವರ್ಷ ನನ್ನ ಮುಂದೆ ಮೂವರು ಅಧಿಕಾರಿಗಳು ಬಂದರು.

ಮೊದಲನೆಯವರು ಮುಳಬಾಗಿಲಿನ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕ. ವಯಸ್ಸು ಎಪ್ಪತ್ತರ ಮೇಲಾಗಿದೆ. ಭಾವನವರು ಹೋದ ಮೇಲೆ ಒಬ್ಬರೇ ಇದ್ದಾರೆ. ನಮ್ಮ ಗಡಿಸೀಮೆಯ ಎಷ್ಟೋ ಮನೆಗಳಂತೆ ಆ ಮನೆಯಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಅವರಿಗೆ ಬೇಕಾದುದು ಮೂರೇ: ದೂರದಲ್ಲಿರುವ ಮಗನ ಮುಖ ಕಾಣಬೇಕು, ಪಿಂಚಣಿಯ ಹಣ ಬಂದುದು ತಿಳಿಯಬೇಕು, ಅಕ್ಷರ ದೊಡ್ಡದಾಗಿರಬೇಕು. ಅವರ ಮಗನು ಐಫೋನನ್ನೇ ಕಳುಹಿಸುತ್ತೇನೆಂದನು. ಅಕ್ಕ ನನ್ನನ್ನು ಕೇಳಿದರು: “ಏನೋ ಅದು, ನಮ್ಮ ಪಕ್ಕದ್ಮನೆ ಹುಡುಗ ಅದನ್ನ ರಿಪೇರಿ ಮಾಡ್ತಾನೇನೋ?” ಅವರ ಕೈಫೋನು ಮೊಂಡಾಟ ಮಾಡಿದಾಗಲೆಲ್ಲ ಸರಿಪಡಿಸಿಕೊಡುವವನು ಆ ಹುಡುಗನೇ. ಅವನಿಗೆ ಗೊತ್ತಿರುವುದು ಆಂಡ್ರಾಯ್ಡು. ಈ ಒಂದು ಪ್ರಶ್ನೆಯಿಂದ ಅಕ್ಕ ನನ್ನ ಆರು ತಿಂಗಳ ಪರೀಕ್ಷೆಯನ್ನು ದಾಟಿಹೋದರು. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಫೋನುಗಳು ಆಂಡ್ರಾಯ್ಡಿನವು. ಕಷ್ಟ ಬಂದಾಗ ನೆರೆಯವರು ತಿಳಿದ ಯಂತ್ರವೇ ಮುದುಕರಿಗೆ ಒಳ್ಳೆಯ ಯಂತ್ರ. ಹೊರಗಿನ ಆ್ಯಪುಗಳಿಗೆ ದಾರಿಯನ್ನು ಮುಚ್ಚಿ, ಅಕ್ಷರವನ್ನು ದೊಡ್ಡದು ಮಾಡಿ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಒಂದು ಆಂಡ್ರಾಯ್ಡನ್ನು ಅವರ ಕೈಗೆ ಕೊಟ್ಟುಬಂದೆವು.

ಎರಡನೆಯವನು ಶ್ರೀನಿವಾಸಪುರದ ಹತ್ತಿರ ಮಾವಿನ ತೋಪಿಟ್ಟುಕೊಂಡಿರುವ ನನ್ನ ತಮ್ಮ. ಕಾಯಿಯ ಚಿತ್ರ ತೆಗೆದು ಚಿತ್ತೂರಿನ ಕಡೆಯ ವ್ಯಾಪಾರಿಗಳಿಗೆ ಕಳುಹಿಸುವುದು, ಆಳುಗಳ ಕೂಲಿಯನ್ನು ಯುಪಿಐ ಮೂಲಕ ಕೊಡುವುದು, ಬಿಸಿಲಿನಲ್ಲಿ ಕಾಣುವಂಥ ಬೆಳಕು, ದಿನವೆಲ್ಲ ಬಾಳುವ ಬ್ಯಾಟರಿ, ಎರಡು ಸಿಮ್ಮು: ಇವನ ಅವಶ್ಯಕತೆಗಳು ಇಷ್ಟೆ. 2016ರಲ್ಲಿ ಆರಂಭವಾದ ಯುಪಿಐ ಎರಡು ಬಗೆಯ ಫೋನುಗಳಲ್ಲಿಯೂ ಒಂದೇ ರೀತಿಯಲ್ಲಿ ನಡೆಯುತ್ತದೆ. ಮರವೇರಿದವನ ಜೇಬಿನಿಂದ ಫೋನು ಬೀಳುವುದು ಮಾವಿನ ಕಾಲದಲ್ಲಿ ಕಾಯಿ ಬೀಳುವಷ್ಟೇ ಸಹಜ. ಇಲ್ಲಿಯೂ ವಿಚಾರಕ್ಕೆ ಹೆಚ್ಚು ಎಡೆಯಿರಲಿಲ್ಲ.

ಮೂರನೆಯವಳು ಆ ತಮ್ಮನ ಮಗಳು. ಇವಳ ವಿಷಯದಲ್ಲಿ ಮಾತ್ರ ನನ್ನ ತರ್ಕಕ್ಕೆ ಸುಲಭವಾಗಿ ದಾರಿ ಸಿಕ್ಕಲಿಲ್ಲ. ಅದಕ್ಕೆ ಕಾರಣವನ್ನು ಹೇಳಬೇಕಾದರೆ ನರಸಾಪುರದ ಪ್ರಸ್ತಾಪ ಮಾಡಬೇಕು.

ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಹೆದ್ದಾರಿಯ ಮಗ್ಗುಲಲ್ಲಿ, ನಮ್ಮ ಕೋಲಾರ ತಾಲ್ಲೂಕಿಗೆ ಸೇರಿದ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯಿದೆ. ಭಾರತದಲ್ಲಿ ಐಫೋನಿನ ಜೋಡಣೆ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಮೊದಲಾಯಿತು. ಅದನ್ನು ನಡೆಸಿದ ತೈವಾನಿನ ವಿಸ್ಟ್ರಾನ್ ಸಂಸ್ಥೆಯೇ ನರಸಾಪುರದಲ್ಲಿಯೂ ಕಾರ್ಖಾನೆಯನ್ನು ತೆರೆಯಿತು. 2020ನೆಯ ಡಿಸೆಂಬರ್ 12ರಂದು ಸಂಬಳದ ವಿಷಯವಾಗಿ ಅಲ್ಲಿ ದೊಡ್ಡ ಗಲಭೆಯಾಗಿ ಆಸ್ತಿಪಾಸ್ತಿಗೆ ಹಾನಿಯಾದುದು ದೇಶಕ್ಕೆಲ್ಲ ತಿಳಿದ ಸಂಗತಿ. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ ಸಂದಿರಲಿಲ್ಲವೆಂದು ವಿಸ್ಟ್ರಾನ್ ಸಂಸ್ಥೆಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆಪಲ್ ಸಂಸ್ಥೆಯು, ತಪ್ಪು ತಿದ್ದುವವರೆಗೆ ಹೊಸ ಕೆಲಸವನ್ನು ಕೊಡುವುದಿಲ್ಲವೆಂದಿತು. 2021ರಲ್ಲಿ ಕೆಲಸ ಮತ್ತೆ ಆರಂಭವಾಯಿತು. 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಕಾರ್ಖಾನೆಯನ್ನು ಕೊಂಡರು. ಈ ಸುತ್ತಿನ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲಿ ಬಸ್ಸಿಗಾಗಿ ಕಾದು ನಿಂತಿರುವುದನ್ನು ನಾನು ವಾಯುವಿಹಾರಕ್ಕೆ ಹೋದಾಗ ಕಾಣುತ್ತೇನೆ. ತಮ್ಮನ ಮಗಳೂ ಅವರಲ್ಲಿ ಒಬ್ಬಳು.

ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಕಟ್ಟಿದ್ದಾಳೆ. ದಸರೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ, ಮೇಜಿನ ಮೇಲಿದ್ದ ಎರಡು ಫೋನುಗಳಲ್ಲಿ ಐಫೋನನ್ನು ತೆಗೆದು ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದಳು. ಅಕ್ಕಸಾಲಿಗನು ಬೇರೊಬ್ಬನು ಮಾಡಿದ ಒಡವೆಯನ್ನು ನೋಡುವ ರೀತಿ ಅದು. ಆಮೇಲೆ ಹೇಳಿದಳು: “ದೊಡ್ಡಪ್ಪ, ಹೊಸದೊಂದು ತಗೋಬೇಕು ಅಂತಿದ್ದೀನಿ. ಅಪ್ಪ ಬೈತಾರೆ. ನೀವು ಹೇಳಿದ್ರೆ ಒಪ್ತಾರೆ.”

ನಾನು ಮೇಲೆ ಬರೆದ ಗುಣದೋಷಗಳನ್ನೆಲ್ಲ ಕ್ರಮವಾಗಿ ಹೇಳಿದೆನು. ಅವಳು ಅಡ್ಡ ಮಾತನಾಡದೆ ಕೇಳಿದಳು. ಕೊನೆಗೆ, “ಎಲ್ಲಾ ಸರಿ ದೊಡ್ಡಪ್ಪ. ಆದ್ರೆ ದಿನಕ್ಕೆ ಎಷ್ಟು ಫೋನು ನನ್ನ ಕೈ ದಾಟಿ ಹೋಗುತ್ತೆ ಗೊತ್ತಾ? ಒಂದಾದ್ರೂ ನಂದು ಅಂತ ಇರಬೇಡ್ವಾ?” ಎಂದಳು.

ಈ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಕಾಲಮು ಇರಲಿಲ್ಲ. ಹತ್ತು ಜನರೆದುರಿಗೆ ಜೇಬಿನಿಂದ ತೆಗೆದು ತೋರಿಸಬೇಕೆಂಬ ಆಸೆಯನ್ನು ಡಂಭವೆನ್ನಬಹುದು. ಆದರೆ ತಾನು ಮಾಡುವ ವಸ್ತುವನ್ನು ತಾನೂ ಬಳಸಬೇಕೆಂಬ ಆಸೆಯನ್ನು ಡಂಭವೆಂದು ಹೇಗೆ ಹೇಳಲಿ? ನೇಯುವವನ ಮನೆಯಾಕೆಗೆ ಒಂದು ರೇಷ್ಮೆಸೀರೆ ಬೇಕೆನ್ನಿಸಿದರೆ ತಪ್ಪೇ? ನಮ್ಮ ಸೀಮೆಗೆ ಈ ಅನುಭವ ಹೊಸದಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಬೆಂಗಳೂರು ನಗರಕ್ಕೆ ಬಂದುದು 1905ರಲ್ಲಿ. ಬೆಂಗಳೂರಿಗಿಂತ ಮೊದಲು ಬಂದ ಆ ಬೆಳಕು ಗಣಿಯ ಸುತ್ತಲಿನ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದುವು. ಗಣಿಯೊಳಗೆ ಇಳಿದವರಲ್ಲಿ ಎಷ್ಟು ಮಂದಿಯ ಹೆಂಡಿರ ಕೊರಳಿನಲ್ಲಿ ಆ ಚಿನ್ನವಿದ್ದೀತು? 2001ರಲ್ಲಿ ಗಣಿ ಮುಚ್ಚಿತು, ಪ್ರಶ್ನೆ ಮುಚ್ಚಲಿಲ್ಲ. ಅದೀಗ ನರಸಾಪುರದ ಬಸ್ಸಿನಲ್ಲಿ ಕುಳಿತು ನಮ್ಮ ಮನೆಗೆ ಬಂದಿದ್ದಿತು.

ಆದುದರಿಂದ ಬೇಡವೆಂದು ನಾನು ಹೇಳಲಿಲ್ಲ. ಒಂದು ಹಾಳೆಯನ್ನು ತೆಗೆದು ನಡುವೆ ಗೆರೆ ಎಳೆದು ಅವಳ ಕೈಗೇ ಕೊಟ್ಟೆನು. “ನಾನು ಬರೆಯುವುದಿಲ್ಲ, ನೀನೇ ಬರೆ. ಈ ಕಡೆ ಐಫೋನು ಕೊಂಡರೆ ಏನಾಗುತ್ತದೆ, ಆ ಕಡೆ ಬೇರೆಯದಾದರೆ ಏನಾಗುತ್ತದೆ” ಎಂದೆನು. ಅವಳು ಬರೆಯತೊಡಗಿದಳು. 59,900 ರೂಪಾಯಿಯನ್ನು ಇಪ್ಪತ್ತನಾಲ್ಕು ಕಂತು ಮಾಡಿದರೆ, ಬಡ್ಡಿಯಿಲ್ಲವೆಂದೇ ಇಟ್ಟುಕೊಂಡರೂ, ತಿಂಗಳಿಗೆ ಸುಮಾರು 2,500. ಎರಡು ವರ್ಷ ಆ ಹಣ ಅವಳದಲ್ಲ. ನಡುವೆ ಕೆಲಸ ಬಿಡಬೇಕಾಗಿ ಬಂದರೂ ಕಂತು ಬಿಡದು. ಪರೀಕ್ಷೆಯ ಶುಲ್ಕ ಕಟ್ಟುವ ಕಾಲ ಹತ್ತಿರ ಬಂದಿದೆ. ತೋಪಿನಲ್ಲಿ ಈ ಸಲ ಕಾಯಿಯೂ ಕಡಮೆ. ಇನ್ನೊಂದು ಕಡೆ, 18,000 ರೂಪಾಯಿಯ ಆಂಡ್ರಾಯ್ಡು. ಕೂಡಿಟ್ಟ ಹಣದಲ್ಲಿಯೇ ಬರುತ್ತದೆ, ಸಾಲವಿಲ್ಲ. ಪಾಠದ ಪುಸ್ತಕಗಳನ್ನು ಓದುವುದಕ್ಕೆ ಪರದೆಯೂ ದೊಡ್ಡದು. ಅಪ್‌ಡೇಟು ನಾಲ್ಕು ವರ್ಷವೆಂದು ಅಂಗಡಿಯವನನ್ನು ವಿಚಾರಿಸಿ ಬಂದಿದ್ದಳು. ಕೊನೆಯಲ್ಲಿ ಐಫೋನಿನ ಕಡೆ ಒಂದು ಸಾಲನ್ನು ಸೇರಿಸಿದಳು: ‘ಇಷ್ಟ’. ಆ ಒಂದು ಪದವನ್ನು ಹೊಡೆದುಹಾಕೆಂದು ನಾನು ಹೇಳಲಿಲ್ಲ, ಅವಳೂ ಹೊಡೆಯಲಿಲ್ಲ.

ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದಳು. ಹದಿನೈದು ದಿನಗಳಾದ ಮೇಲೆ ಫೋನು ಮಾಡಿ ಆಂಡ್ರಾಯ್ಡನ್ನೇ ಕೊಂಡುದಾಗಿಯೂ ಶುಲ್ಕವನ್ನು ಕಟ್ಟಿದುದಾಗಿಯೂ ತಿಳಿಸಿದಳು. ಒಳ್ಳೆಯ ಕೆಲಸ ಮಾಡಿದೆಯಮ್ಮ ಎಂದು ನಾನು ಹೇಳಹೊರಟರೆ, ತಡೆದು, “ದೊಡ್ಡಪ್ಪ, ಈಗ ಬೇಡ ಅಂದೆ. ಯಾವತ್ತೂ ಬೇಡ ಅನ್ನಲಿಲ್ಲ” ಎಂದಳು. ಈ ಮಾತಿನಲ್ಲಿದ್ದಷ್ಟು ವಿವೇಕ ನನ್ನ ಉಪದೇಶದಲ್ಲಿ ಇರಲಿಲ್ಲ. ಹಿರಿಯರಾದ ನಾವು ಮಕ್ಕಳ ಆಸೆಯನ್ನು ಗೆಲ್ಲಬೇಕೆಂದು ಹೊರಡುತ್ತೇವೆ. ಆಸೆಯನ್ನು ಗೌರವಿಸಿ ಲೆಕ್ಕವನ್ನು ಅವರ ಕೈಗೆ ಕೊಟ್ಟರೆ ಅವರೇ ಅದಕ್ಕೆ ಕಾಲವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆದರೆ ಅವಳ ಪ್ರಶ್ನೆಯ ಇನ್ನೊಂದು ಭಾಗ, ಎಂದರೆ ಮಾಡುವ ಕೈಗೆ ಮಾಡಿದ ವಸ್ತು ಎಟುಕುವುದು ಯಾವಾಗ ಎಂಬುದು, ಅವಳ ಹಾಳೆಯಲ್ಲಿ ತೀರತಕ್ಕ ಲೆಕ್ಕವಲ್ಲ. ಅದನ್ನು ಕಾರ್ಖಾನೆಯ ಒಡೆಯರೂ ಸರ್ಕಾರದವರೂ ಕೊಳ್ಳುವ ನಾವೂ ಸೇರಿ ಮಾಡಬೇಕು.

ಇನ್ನು ನಿರ್ಣಯ. ಮುದುಕರಿಗೆ, ಹೊಲತೋಟದವರಿಗೆ, ಕನ್ನಡದಲ್ಲಿಯೇ ವ್ಯವಹರಿಸುವವರಿಗೆ, ಮಿತವಾದ ವರಮಾನದ ಸಂಸಾರಗಳಿಗೆ ನಾಲ್ಕು ವರ್ಷಕ್ಕೆ ಕಡಮೆಯಿಲ್ಲದ ಅಪ್‌ಡೇಟುಳ್ಳ, ಹದಿನೈದರಿಂದ ಇಪ್ಪತ್ತೈದು ಸಾವಿರದೊಳಗಿನ ಆಂಡ್ರಾಯ್ಡು ಸಾಕು. ಸಾಲವಿಲ್ಲದೆ ಕೊಳ್ಳಬಲ್ಲವರಿಗೆ, ಒಂದೇ ಫೋನನ್ನು ಆರು ವರ್ಷ ಜೋಪಾನವಾಗಿ ಇಟ್ಟುಕೊಳ್ಳುವವರಿಗೆ, ಹಣಕಾಸಿನ ದೊಡ್ಡ ವ್ಯವಹಾರವುಳ್ಳವರಿಗೆ ಐಫೋನು ಯೋಗ್ಯವಾದುದು. ಎಂಟು ಸಾವಿರದ ಆಂಡ್ರಾಯ್ಡು, ಕಂತಿನ ಐಫೋನು, ಇವೆರಡೂ ಬೇಡ. ಒಂದು ಬೇಗ ಸೋಲುತ್ತದೆ, ಇನ್ನೊಂದು ಕೊಂಡವರನ್ನು ಸೋಲಿಸುತ್ತದೆ. ಬರಿಯ ಮಾತೂ ಹಣದ ರವಾನೆಯೂ ಸಾಕೆನ್ನುವವರಿಗೆ 2022ರಿಂದ ಗುಂಡಿಯ ಫೋನಿನಲ್ಲಿಯೂ ಯುಪಿಐ ಸೌಕರ್ಯವಿರುವುದರಿಂದ ಸ್ಪರ್ಶದ ಫೋನೇ ಬೇಕೆಂಬ ನಿರ್ಬಂಧವಿಲ್ಲ.

ನನ್ನ ಮಟ್ಟಿಗೆ ಯಾವುದನ್ನು ಇಟ್ಟುಕೊಂಡಿರೆಂದು ಕೇಳುವವರಿಗೆ ಉತ್ತರ: ಬರೆಯುವುದಕ್ಕೂ ಓದುವುದಕ್ಕೂ ಆಂಡ್ರಾಯ್ಡು. ಐಫೋನನ್ನು ಮನೆಯಾಕೆ ತೆಗೆದುಕೊಂಡಿದ್ದಾಳೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೂ ಅದರ ಗಂಟೆ ಕೇಳಿಸುತ್ತದೆಂಬುದು ಅವಳು ಕಂಡುಹಿಡಿದ ಗುಣ. ಅಧಿಕಾರಿಭೇದವೆಂದರೆ ಇದೇ.